ಅಚ್ಚು ಒಂದೂರಲ್ಲಿರಲಿ, ಕಾಳು ಊರೂರಿಗೆ ಹೋಗಲಿ

ಬೂಂದಿ ಕರಿಯೋದನ್ನು ಹತ್ತಿರ ನಿಂತು ನೋಡಿದ್ದರೆ ಮೈಕ್ರೋಫ್ಲೂಯಿಡಿಕ್ಸ್ ಅನ್ನೋ ಹೆದರಿಸುವ ಹೆಸರಿನ ವಿದ್ಯೆ ನಿಮಗೆ ಅರ್ಧ ಬಂದ ಹಾಗೇ. ಕಡಲೆಹಿಟ್ಟು ಕಲಸಿ, ತೂತಿನ ಸೌಟಿಗೆ ಸುರಿದು, ಕಾದ ಎಣ್ಣೆಯ ಮೇಲೆ ತಟ್ಟುತ್ತಾರೆ. ಹನಿ ಕಳಚಿಕೊಂಡು ಬೀಳುತ್ತೆ, ಎಣ್ಣೆಯಲ್ಲಿ ದುಂಡಗಾಗುತ್ತೆ, ಗಟ್ಟಿಯಾಗುತ್ತೆ. ಹಿಟ್ಟು ನೀರಾದರೆ ಕಾಳಿಗೆ ಬಾಲ ಬರುತ್ತೆ, ಗಟ್ಟಿಯಾದರೆ ಮುದ್ದೆ ಮುದ್ದೆ ಬೀಳುತ್ತೆ. ತೂತಿನ ಅಳತೆ, ಹಿಟ್ಟಿನ ಹದ, ತಟ್ಟುವ ಲಯ.. ಮೂರೂ ಸರಿ ಇದ್ದರೆ ಕಾಳೂ ಸರಿ.

ಈಗ ಕಡಲೆಹಿಟ್ಟಿನ ಜಾಗದಲ್ಲಿ ಜೆಲ್ ಆಗಬಲ್ಲ ಒಂದು ದ್ರಾವಣ ಇಟ್ಟುಕೊಳ್ಳಿ. ಸೌಟಿನ ತೂತಿನ ಜಾಗದಲ್ಲಿ ಕೂದಲೆಳೆಯಷ್ಟು ಅಗಲದ ಕಾಲುವೆ. ಎಣ್ಣೆ ಬಾಣಲೆಯಲ್ಲಿ ಸುಮ್ಮನೆ ಇರೋದಿಲ್ಲ, ಅದೂ ಅಕ್ಕಪಕ್ಕದ ಕಾಲುವೆಗಳಿಂದ ಹರಿದು ಬಂದು ದ್ರಾವಣವನ್ನು ಎರಡೂ ಕಡೆಯಿಂದ ಹಿಸುಕುತ್ತೆ. ಸೆಕೆಂಡಿಗೆ ಸಾವಿರ ಹನಿ. ಒಂದೊಂದೂ ಸುಮಾರು 60 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಹದಿನಾರು ಹನಿ ಸಾಲಾಗಿ ಕೂರಬಹುದು. ಎಲ್ಲವೂ ಹೆಚ್ಚೂಕಮ್ಮಿ ಒಂದೇ ಅಳತೆ. ಚಿಪ್‌ನಲ್ಲಿ ಹೈಡ್ರೋಜೆಲ್ ಕಣ ಮಾಡೋದು ಅಂದರೆ ಇಷ್ಟೇ.

ಈ ವಿದ್ಯೆಯ ಬಗ್ಗೆ ನನಗೆ ತುಂಬಾ ಪ್ರೀತಿ. ಆದರೆ ಇದನ್ನ ಹೊಗಳುವವರ ಜೊತೆ ಒಂದು ತಕರಾರಿದೆ. ಇಪ್ಪತ್ತು ವರ್ಷಕ್ಕೂ ಮೇಲಿನಿಂದ ನಮಗೆ ಹೇಳಿಕೊಂಡು ಬಂದಿರೋದು ಏನು? "ಇಡೀ ಪ್ರಯೋಗಾಲಯ ಅಂಗೈ ಮೇಲಿನ ಚಿಪ್‌ಗೆ ಇಳಿಯುತ್ತೆ, ಆ ಚಿಪ್ ಎಲ್ಲರ ಕೈಗೂ ಬರುತ್ತೆ" ಅಂತ. ನನ್ನ ವಾದ ಇದಕ್ಕೆ ಉಲ್ಟಾ. ಚಿಪ್ ಎಲ್ಲರ ಕೈಗೂ ಬರಬೇಕಾಗಿಲ್ಲ. ಚಿಪ್ ಮಾಡಿಕೊಟ್ಟ ಕಾಳು ಬಂದರೆ ಸಾಕು. ಚಿಪ್‌ನ ಕರಾರುವಾಕ್ಕುತನ ಎಲ್ಲಾ ಆ ಕಾಳಿನೊಳಗೇ ಕೂತಿರುತ್ತೆ. ನಮ್ಮ ದುಡ್ಡು, ನಮ್ಮ ಹುಡುಗರ ವರ್ಷಗಳು, ಎರಡೂ ಹೋಗಬೇಕಾದ್ದು ಆ ಕಡೆಗೆ.

ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಟುಕೊಂಡು ಕೂತ್ಕೊಳ್ಳಿ :-)

* * *

ಮೊದಲು ಹೈಡ್ರೋಜೆಲ್ ಅಂದರೇನು? ಬೇಸಿಗೆಯಲ್ಲಿ ಕಾಮಕಸ್ತೂರಿ ಬೀಜ ನೆನೆಹಾಕಿರ್ತೀರಲ್ಲ, ಹತ್ತು ನಿಮಿಷಕ್ಕೆ ಬೀಜದ ಸುತ್ತ ಒಂದು ಪಾರದರ್ಶಕ ಲೋಳೆ ಉಬ್ಬಿಕೊಳ್ಳುತ್ತೆ. ಅದೇ ಹೈಡ್ರೋಜೆಲ್. ಉದ್ದುದ್ದ ಅಣುಗಳ ಒಂದು ಬಲೆ, ಬಲೆಯ ತುಂಬಾ ನೀರು. ತೂಕದಲ್ಲಿ ಬಹುಪಾಲು ನೀರೇ ಆದರೂ ಹರಿದು ಹೋಗೋದಿಲ್ಲ, ಆಕಾರ ಬಿಡೋದಿಲ್ಲ. ಸಣ್ಣ ಅಣುಗಳು ಬಲೆಯ ಕಣ್ಣಿನೊಳಗೆ ಓಡಾಡಬಹುದು, ದೊಡ್ಡವು ಸಿಕ್ಕಿಹಾಕಿಕೊಳ್ಳುತ್ತವೆ. ಜೀವಕೋಶಗಳಿಗೆ ಇದು ಒಗ್ಗುತ್ತೆ, ಯಾಕೆಂದರೆ ನಮ್ಮ ಮೈಯೊಳಗಿನ ಮೆತ್ತನೆ ಅಂಗಾಂಶವೂ ಇಂಥದ್ದೇ ನೀರು ತುಂಬಿದ ಬಲೆ.

ಮೆದು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಹೈಡ್ರೋಜೆಲ್ಲನ್ನು ಕಣ್ಣಲ್ಲೇ ಇಟ್ಟುಕೊಂಡು ತಿರುಗುತ್ತಾರೆ. ಅದರ ಹಿಂದಿನ ಕಥೆ ನನಗೆ ಬಹಳ ಇಷ್ಟ. ಆಗಿನ ಜೆಕೊಸ್ಲೊವಾಕಿಯಾದ ರಸಾಯನಶಾಸ್ತ್ರಜ್ಞ ಓಟ್ಟೊ ವಿಕ್ಟರ್ಲೆ ಮತ್ತು ಅವರ ಸಹೋದ್ಯೋಗಿ ದ್ರಾಹೊಸ್ಲಾವ್ ಲಿಮ್ 1960ರಲ್ಲಿ ಇಂಥ ಜೆಲ್‌ಗಳ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದರು. 1961ರ ಕ್ರಿಸ್‌ಮಸ್ ಸಮಯದಲ್ಲಿ ವಿಕ್ಟರ್ಲೆ ಮನೆಯ ಮೇಜಿನ ಮೇಲೆ, ಮಕ್ಕಳ ಮೆರ್ಕುರ್ ಆಟಿಕೆಯ ಬಿಡಿಭಾಗಗಳಿಂದ ಒಂದು ತಿರುಗುವ ಯಂತ್ರ ಕಟ್ಟಿ, ಅದರಲ್ಲಿ ಲೆನ್ಸ್ ಎರಕ ಹೊಯ್ದರು. ಯಂತ್ರ ತಿರುಗೋದರಿಂದಲೇ ಲೆನ್ಸಿಗೆ ಬಾಗು ಬರುತ್ತಿತ್ತು. ಒಂದು ವಿಷಯ ಗಮನಿಸಿ. ಆಮೇಲೆ ಕೋಟಿಗಟ್ಟಲೆ ಜನ ಮೆದು ಲೆನ್ಸ್ ಹಾಕಿಕೊಂಡರು, ಆದರೆ ಯಾರ ಮನೆಗೂ ಆ ತಿರುಗುವ ಯಂತ್ರ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಯಂತ್ರದ ನಾಜೂಕೆಲ್ಲಾ ಲೆನ್ಸಿನ ಬಾಗಿನಲ್ಲಿ ಉಳಿದುಕೊಂಡಿತ್ತು.

ನನ್ನ ವಾದದ ಬೀಜ ಇಲ್ಲೇ ಇದೆ.

* * *

ಸರಿ, ಕಾಳು ಒಂದೇ ಅಳತೆಯಲ್ಲೇ ಯಾಕಿರಬೇಕು? ದೊಡ್ಡ ಪಾತ್ರೆಯಲ್ಲಿ ಎಣ್ಣೆ, ದ್ರಾವಣ, ಸ್ವಲ್ಪ ಸೋಪಿನಂಥ ಪದಾರ್ಥ ಹಾಕಿ ಜೋರಾಗಿ ಕಡೆದರೂ ಹನಿ ಆಗುತ್ತಲ್ಲ? ಆಗುತ್ತೆ. ಆದರೆ ಸಾಸಿವೆ, ಕಡಲೆ, ನೆಲ್ಲಿಕಾಯಿ ಎಲ್ಲಾ ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟ ಹಾಗೆ. ವ್ಯಾಸ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟು. ಒಂದು ಹನಿಯಲ್ಲಿ ನಡೆದ ರಾಸಾಯನಿಕ ಕ್ರಿಯೆಯನ್ನು ಪಕ್ಕದ ಹನಿಯ ಜೊತೆ ಹೋಲಿಸೋದಕ್ಕೇ ಆಗೋದಿಲ್ಲ. ಕಾಳಿನೊಳಗೆ ಔಷಧಿ ತುಂಬಿದ್ದರೆ ಅದು ಹೊರಬರುವ ಸಮಯ ಸರಿಸುಮಾರು ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ. ಎರಡು ಪಟ್ಟು ದೊಡ್ಡ ಕಾಳು ಅಂದರೆ ನಾಲ್ಕು ಪಟ್ಟು ಸಮಯ. ಅಳತೆ ಏರುಪೇರಾದರೆ ಡೋಸ್ ಕೂಡಾ ಏರುಪೇರು.

ಚಿಪ್ ಗೆಲ್ಲೋದು ಇಲ್ಲೇ. 1998ರ ಹೊತ್ತಿಗೆ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಅವರ ತಂಡ ಪಿಡಿಎಂಎಸ್ ಅನ್ನೋ ಸಿಲಿಕೋನ್ ರಬ್ಬರಿನಲ್ಲಿ ಇಂಥ ಕಾಲುವೆಗಳನ್ನು ಎರಕ ಹೊಯ್ಯುವ ಸುಲಭ ದಾರಿ ತೋರಿಸಿತು. 2001ರಲ್ಲಿ ಕ್ಯಾಲ್ಟೆಕ್‌ನವರು ಟಿ ಆಕಾರದ ಕೂಡುಕಾಲುವೆಯಲ್ಲಿ ನೀರನ್ನು ಎಣ್ಣೆಯಿಂದ ಕತ್ತರಿಸಿ ಹನಿ ಮಾಡಿ ತೋರಿಸಿದರು. 2003ರಲ್ಲಿ ಹಾರ್ವರ್ಡ್‌ನಿಂದ ಇನ್ನೊಂದು ವಿನ್ಯಾಸ ಬಂತು: ಮಧ್ಯದಲ್ಲಿ ನೀರು, ಎರಡೂ ಬದಿಯಿಂದ ಎಣ್ಣೆ, ಮುಂದೆ ಒಂದು ಕಿರಿದಾದ ಕಂಡಿ. ಇವತ್ತಿಗೂ ಬಹುತೇಕರು ಬಳಸೋದು ಈ ಎರಡರ ಒಂದಿಲ್ಲೊಂದು ರೂಪವನ್ನೇ.

ಎಂಜಿನಿಯರಿಂಗ್ ಓದಿದವರಿಗೆ ರೆನಾಲ್ಡ್ಸ್ ಸಂಖ್ಯೆ ನೆನಪಿರಬಹುದು (ಪರೀಕ್ಷೆಗಾದರೂ ಓದಿರ್ತೀರಿ!). ಲೆಕ್ಕ ಹಾಕಿ ನೋಡಿ. 50 ಮೈಕ್ರಾನ್ ಕಾಲುವೆ, ಸೆಕೆಂಡಿಗೆ ಒಂದು ಸೆಂಟಿಮೀಟರ್ ವೇಗ, ನೀರಿನಂಥ ದ್ರವ. ಉತ್ತರ 0.5. ಕೊಳವೆಯಲ್ಲಿ ನೀರು ಸುಳಿ ಸುತ್ತೋಕೆ ಶುರುವಾಗೋದು ಎರಡು ಸಾವಿರದ ಆಸುಪಾಸಿನಲ್ಲಿ. ಅಂದರೆ ಇಲ್ಲಿ ಸುಳಿ ಇಲ್ಲ, ಅಡ್ಡಾದಿಡ್ಡಿ ಇಲ್ಲ, ಅದೃಷ್ಟದ ಮಾತೇ ಇಲ್ಲ. ಮೊದಲ ಹನಿ ಹೇಗೆ ಕಳಚಿಕೊಂಡಿತೋ ಹತ್ತು ಲಕ್ಷದ ಹನಿಯೂ ಹಾಗೇ ಕಳಚಿಕೊಳ್ಳುತ್ತೆ. ಚೆನ್ನಾಗಿ ನಡೆಯುತ್ತಿರುವ ಚಿಪ್‌ನಲ್ಲಿ ಹನಿಗಳ ವ್ಯಾಸದ ವ್ಯತ್ಯಾಸ ಶೇಕಡಾ 5ರ ಒಳಗೇ ಇರುತ್ತೆ. ಪ್ರೋಗ್ರಾಮರ್ ಭಾಷೆಯಲ್ಲಿ ಹೇಳಬೇಕೆಂದರೆ, ಅದೇ ಇನ್‌ಪುಟ್ಟಿಗೆ ಪ್ರತಿಸಲವೂ ಅದೇ ಔಟ್‌ಪುಟ್. ನಮ್ಮ ಎಷ್ಟು ಕೋಡ್ ಹಾಗಿದೆ ಹೇಳಿ!

ಹನಿ ಆದಮೇಲೆ ಅದು ಜೆಲ್ ಆಗಬೇಕು. ಇಲ್ಲಿ ಒಂದೊಂದು ಪದಾರ್ಥಕ್ಕೆ ಒಂದೊಂದು ಸ್ವಭಾವ. ಅಗರೋಸ್ ಬಿಸಿಯಾಗಿದ್ದಾಗ ಹರಿಯುತ್ತೆ, ತಣ್ಣಗಾದರೆ ಕಟ್ಟಿಕೊಳ್ಳುತ್ತೆ. ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಕ್ಯಾಲ್ಸಿಯಂ ಕಂಡ ಕ್ಷಣ ಗಟ್ಟಿಯಾಗುತ್ತೆ. ಎಷ್ಟು ಬೇಗ ಅಂದರೆ ಹನಿ ಕಳಚುವ ಮೊದಲೇ ಕಂಡಿಯಲ್ಲಿ ಕಟ್ಟಿಕೊಂಡು ಚಿಪ್ಪೇ ಬಂದ್. ಅದಕ್ಕೊಂದು ಉಪಾಯವಿದೆ. ಕ್ಯಾಲ್ಸಿಯಮ್ಮನ್ನು ಇಡಿಟಿಎ ಅನ್ನೋ ಅಣುವಿನ ಹಿಡಿತದಲ್ಲಿ ಬಂಧಿಸಿ ಆಲ್ಜಿನೇಟ್ ಜೊತೆಗೇ ಕಳಿಸೋದು. ಹನಿ ಆದಮೇಲೆ ಎಣ್ಣೆಯ ಮೂಲಕ ಸ್ವಲ್ಪ ಆಮ್ಲ ಸೇರಿಸಿದರೆ ಬಂಧನ ಸಡಿಲವಾಗಿ ಕ್ಯಾಲ್ಸಿಯಂ ಬಿಡುಗಡೆಯಾಗುತ್ತೆ, ಕಾಳು ಒಳಗಿನಿಂದಲೇ ಒಂದೇ ಸಮನಾಗಿ ಕಟ್ಟಿಕೊಳ್ಳುತ್ತೆ. ಇನ್ನು ಕೆಲವು ಪಾಲಿಮರ್‌ಗಳು ಅತಿನೇರಳೆ ಬೆಳಕು ಬಿದ್ದರೆ ಗಟ್ಟಿಯಾಗುತ್ತವೆ. ಹೀಗೆ ದಾರಿ ಹಲವು, ಆದರೆ ಕರಾಮತ್ತು ಒಂದೇ: ಮೊದಲು ಹನಿ, ಆಮೇಲೆ ಜೆಲ್. ಆ ಎರಡರ ನಡುವಿನ ಸಮಯವನ್ನು ಹಿಡಿತದಲ್ಲಿ ಇಟ್ಟುಕೊಂಡವನೇ ಜಾಣ.

* * *

ಇಷ್ಟೆಲ್ಲಾ ಹೊಗಳಿದ ಮೇಲೆ ತಕರಾರಿಗೆ ಬರ್ತೀನಿ.

ಮೊದಲನೆಯದು ಲೆಕ್ಕದ ತಕರಾರು. 60 ಮೈಕ್ರಾನ್ ವ್ಯಾಸದ ಹನಿಯ ಗಾತ್ರ ಸುಮಾರು 113 ಪಿಕೋಲೀಟರ್. ಒಂದು ಮಿಲಿಲೀಟರಿನಲ್ಲಿ ಅಂಥ ಹನಿಗಳು ಸುಮಾರು 88 ಲಕ್ಷ. ಸೆಕೆಂಡಿಗೆ ಸಾವಿರದಂತೆ ಮಾಡಿದರೆ ಒಂದು ಮಿಲಿಲೀಟರಿಗೆ ಎರಡೂವರೆ ಗಂಟೆ ಬೇಕು. ಒಂದು ಲೀಟರಿಗೆ? ಹಗಲು ರಾತ್ರಿ ನಿಲ್ಲಿಸದೆ ಓಡಿಸಿದರೂ ನೂರಾ ಎರಡು ದಿನ! ಒಂದೇ ತೂತಿನ ಸೌಟಿನಲ್ಲಿ ಊರಿನ ಜಾತ್ರೆಗೆ ಬೂಂದಿ ಮಾಡೋಕೆ ಹೊರಟ ಹಾಗೆ.

ತೂತು ಹೆಚ್ಚಿಸಿದರಾಯ್ತು ಅಂತೀರಾ? ಹೆಚ್ಚಿಸಬಹುದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 2018ರಲ್ಲಿ ನಾಲ್ಕು ಇಂಚಿನ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ 10,260 ಹನಿಕಂಡಿಗಳನ್ನು ಕೊರೆದು ತೋರಿಸಿದರು. ಆದರೆ ಆ ಹತ್ತು ಸಾವಿರ ಕಂಡಿಗಳಿಗೂ ಒಂದೇ ಒತ್ತಡದಲ್ಲಿ ದ್ರವ ತಲುಪಬೇಕು. ಅದಕ್ಕೆ ತಕ್ಕ ವಿನ್ಯಾಸ ಬೇಕು, ಗಾಜು ಮತ್ತು ಸಿಲಿಕಾನ್ ಕೊರೆಯುವ ಶುದ್ಧಕೋಣೆ ಬೇಕು. ಪ್ರತಿ ಕಾಲೇಜಿನಲ್ಲಿ, ಪ್ರತಿ ಆಸ್ಪತ್ರೆಯಲ್ಲಿ ಇದು ಸಾಧ್ಯವೇ? ಇಲ್ಲ. ಆದರೆ ಒಂದೆರಡು ಊರಿನಲ್ಲಿ ಸಾಧ್ಯ. ಅಲ್ಲಿಗೆ ಲೆಕ್ಕವೇ ನಮಗೆ ದಾರಿ ಹೇಳ್ತಿದೆ: ಒಂದು ಕಡೆ ಚೆನ್ನಾಗಿ ಮಾಡು, ಎಲ್ಲಾ ಕಡೆ ಹಂಚು.

ಎರಡನೆಯದು ಕೈಯ ತಕರಾರು. ವಿಡಿಯೋದಲ್ಲಿ ಹನಿಗಳು ಮುತ್ತಿನ ಸರದ ಹಾಗೆ ಹೋಗೋದನ್ನು ನೋಡಿ ಮರುಳಾಗಬೇಡಿ. ಆ ಸರದ ಹಿಂದೆ ಎರಡು ಮೂರು ಸಿರಿಂಜ್ ಪಂಪ್, ಒಂದು ಸೂಕ್ಷ್ಮದರ್ಶಕ, ವೇಗದ ಕ್ಯಾಮೆರಾ, ಎಲ್ಲಕ್ಕಿಂತ ಹೆಚ್ಚಾಗಿ ಮೂರು ವರ್ಷ ಇದೇ ಕೆಲಸ ಮಾಡಿ ಪಳಗಿದ ಒಬ್ಬ ವಿದ್ಯಾರ್ಥಿ ಇರ್ತಾನೆ. ಒಂದು ಧೂಳಿನ ಕಣ ಬಂದು ಕೂತರೆ ಕಾಲುವೆ ಕಟ್ಟಿಕೊಳ್ಳುತ್ತೆ. ಒಂದು ಗಾಳಿಗುಳ್ಳೆ ಹೊಕ್ಕರೆ ಅಳತೆ ಹೋಗುತ್ತೆ. ಕಾಲುವೆಯ ಗೋಡೆ ನೀರನ್ನು ದೂರ ತಳ್ಳುವ ಗುಣ ಕಳೆದುಕೊಂಡರೆ ಹನಿ ಗೋಡೆಗೆ ಅಂಟಿಕೊಳ್ಳುತ್ತೆ. ಆ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೋದ ಮೇಲೆ ಪಂಪ್‌ಗಳು ಕಪಾಟು ಸೇರುತ್ತವೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ "ಅವನ ಲ್ಯಾಪ್‌ಟಾಪಿನಲ್ಲಿ ಓಡ್ತಿತ್ತು" ಅಂತೀವಲ್ಲ, ಅದೇ ಕಥೆ.

* * *

ಹಾಗಾದರೆ ಕಾಳು ಪ್ರಯಾಣ ಮಾಡಿದ ಉದಾಹರಣೆ ಇದೆಯಾ? ಇದೆ, ಒಂದಲ್ಲ ಮೂರು ಕೊಡ್ತೀನಿ.

ಮೊದಲನೆಯದು ಎಂಐಟಿಯ ಪ್ಯಾಟ್ರಿಕ್ ಡಾಯ್ಲ್ ಅವರ ಪ್ರಯೋಗಾಲಯದ್ದು. 2006ರಲ್ಲಿ ಧನಂಜಯ ದೆಂಡುಕುರಿ ಮತ್ತು ಸಂಗಡಿಗರು ಹನಿಯನ್ನೇ ಬಿಟ್ಟು ಬೇರೆ ದಾರಿ ಹಿಡಿದರು. ಹರಿಯುತ್ತಿರುವ ದ್ರಾವಣದ ಮೇಲೆ ಸೂಕ್ಷ್ಮದರ್ಶಕದ ಮೂಲಕ ಅತಿನೇರಳೆ ಬೆಳಕಿನ ಚಿತ್ರ ಬೀಳಿಸಿದರು. ಬೆಳಕು ಬಿದ್ದಷ್ಟು ಭಾಗ ಮಾತ್ರ ಜೆಲ್. ತ್ರಿಕೋನ ಬೇಕಾ, ತ್ರಿಕೋನ. ಚೌಕ ಬೇಕಾ, ಚೌಕ. ಪಿಡಿಎಂಎಸ್ ಗೋಡೆಯಿಂದ ಒಸರುವ ಆಮ್ಲಜನಕ ಗೋಡೆಯ ಪಕ್ಕದ ತೆಳು ಪದರವನ್ನು ಗಟ್ಟಿಯಾಗೋಕೆ ಬಿಡೋದಿಲ್ಲ, ಹಾಗಾಗಿ ಕಣ ಗೋಡೆಗೆ ಅಂಟದೆ ತೇಲಿಕೊಂಡು ಹೋಗುತ್ತೆ. 2007ರಲ್ಲಿ ಅದೇ ಪ್ರಯೋಗಾಲಯದವರು ಕಣದ ಒಂದು ಭಾಗಕ್ಕೆ ಚುಕ್ಕಿಗಳ ಸಂಕೇತ, ಇನ್ನೊಂದು ಭಾಗಕ್ಕೆ ಡಿಎನ್ಎ ಹಿಡಿಯುವ ಕೊಕ್ಕೆ ಇಟ್ಟರು. ಇಪ್ಪತ್ತು ಚುಕ್ಕಿ ಜಾಗ ಇದ್ದರೆ ಎರಡರ ಇಪ್ಪತ್ತನೇ ಘಾತ, ಅಂದರೆ 10,48,576 ಬೇರೆ ಬೇರೆ ಗುರುತು. ಪ್ರತಿ ಕಣವೂ ತಾನು ಯಾರು, ಏನು ಹುಡುಕ್ತಿದೀನಿ ಅಂತ ಮೈಮೇಲೇ ಬರೆದುಕೊಂಡಿರುತ್ತೆ. ಈ ಕೆಲಸದಿಂದ ಹುಟ್ಟಿದ ಫೈರ್‌ಫ್ಲೈ ಅನ್ನೋ ಕಂಪನಿ ಕಣಗಳನ್ನು ಸಾಮಾನ್ಯ ಫ್ಲೋ ಸೈಟೋಮೀಟರಿನಲ್ಲೇ ಓದಬಹುದಾದ ಹಾಗೆ ರೂಪಿಸಿತು. 2015ರಲ್ಲಿ ಅದನ್ನ ಆಬ್‌ಕ್ಯಾಮ್ ಕೊಂಡುಕೊಂಡಿತು. ಅಂದರೆ ಬಳಸುವವರು ಹೊಸ ಯಂತ್ರ ಕಲಿಯಬೇಕಿಲ್ಲ, ಕಾಳೇ ಅವರ ಹಳೇ ಯಂತ್ರಕ್ಕೆ ಹೊಂದಿಕೊಂಡಿತು.

ಎರಡನೆಯದು ಇನ್ನೂ ಸೊಗಸು. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ಒಂದು ಗೆಡ್ಡೆಯ ಚೂರಿನಲ್ಲಿ ಯಾವ ಜೀವಕೋಶದಲ್ಲಿ ಯಾವ ಜೀನ್ ಕೆಲಸ ಮಾಡ್ತಿದೆ ಅಂತ ಒಂದೊಂದಾಗಿ ತಿಳಿಯಬೇಕಾದರೆ, ಪ್ರತಿ ಜೀವಕೋಶವನ್ನೂ ಬಾರ್‌ಕೋಡ್ ಇರುವ ಒಂದು ಮಣಿಯ ಜೊತೆ ಒಂದು ಹನಿಯಲ್ಲಿ ಕೂಡಿಹಾಕಬೇಕು. ಒಂದು ಹನಿ, ಒಂದು ಕೋಶ, ಒಂದು ಮಣಿ. ಮಣಿ ಗಟ್ಟಿ ಪ್ಲಾಸ್ಟಿಕ್ಕಿನದಾದರೆ ಹನಿಯೊಳಗೆ ಅದು ಬೀಳೋದು ಪ್ವಾಸಾನ್ ಲೆಕ್ಕದ ಪ್ರಕಾರ. ಎರಡೆರಡು ಬೀಳಬಾರದು ಅಂತ ಹತ್ತು ಹನಿಗೆ ಸರಾಸರಿ ಒಂದು ಮಣಿಯಂತೆ ಬಿಟ್ಟರೆ ಶೇಕಡಾ 90 ಹನಿ ಖಾಲಿ, 9ರಲ್ಲಿ ಒಂದೇ ಮಣಿ, ಉಳಿದ ಚೂರುಪಾರಿನಲ್ಲಿ ಎರಡೋ ಹೆಚ್ಚೋ. ಅಂದರೆ ಹತ್ತು ಕೋಶಗಳಲ್ಲಿ ಒಂಬತ್ತಕ್ಕೆ ಮಣಿಯೇ ಸಿಗೋದಿಲ್ಲ. ರೋಗಿಯ ಮೈಯಿಂದ ಸೂಜಿಯಲ್ಲಿ ತೆಗೆದ ಚೂರು ಅಂಗಾಂಶದಲ್ಲಿ ಒಂಬತ್ತು ಪಾಲು ದಂಡ! ಮಣಿ ಹೈಡ್ರೋಜೆಲ್ಲಿನದಾದರೆ? ಅದು ಮೆತ್ತಗಿರುತ್ತೆ, ಒಂದಕ್ಕೊಂದು ಒತ್ತಿಕೊಂಡು ಕಾಲುವೆಯಲ್ಲಿ ಸಾಲಾಗಿ ನಿಲ್ಲುತ್ತೆ, ಕಂಡಿಯಿಂದ ತಾಳಕ್ಕೆ ಸರಿಯಾಗಿ ಒಂದೊಂದೇ ಹೊರಡುತ್ತೆ. ಬಹುಪಾಲು ಹನಿಗಳಲ್ಲಿ ಒಂದೊಂದು ಮಣಿ. ಮೆತ್ತಗಿರೋದೇ ಇಲ್ಲಿ ಶಿಸ್ತು ತಂದಿತು. 2015ರ ಇನ್‌ಡ್ರಾಪ್ ವಿಧಾನ ನಿಂತಿರೋದು ಈ ಗುಣದ ಮೇಲೆ. ಟೆನ್‌ಎಕ್ಸ್ ಜೀನೋಮಿಕ್ಸ್ ಕಂಪನಿಯ ಯಂತ್ರಗಳೂ ಜೆಲ್ ಮಣಿಗಳನ್ನೇ ಬಳಸುತ್ತವೆ.

ಆದರೆ ಇಲ್ಲೂ ಬಳಸುವವರ ಬಳಿ ಹನಿ ಮಾಡುವ ಚಿಪ್ ಇರಲೇಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಆಡಮ್ ಅಬಾಟೆ ಅವರ ತಂಡ 2018ರಲ್ಲಿ ಅದನ್ನೂ ಬಿಡಿಸಿತು. ಒಂದೇ ಅಳತೆಯ ಜೆಲ್ ಮಣಿಗಳನ್ನು ಮೊದಲೇ ಚಿಪ್‌ನಲ್ಲಿ ಮಾಡಿಟ್ಟುಕೊಳ್ಳಿ. ಅವನ್ನು ಮಾದರಿ ದ್ರವದ ಜೊತೆ ಟ್ಯೂಬಿಗೆ ಹಾಕಿ, ಎಣ್ಣೆ ಸುರಿದು, ವೋರ್ಟೆಕ್ಸರ್ ಮೇಲೆ ಅಲ್ಲಾಡಿಸಿ. ಅಷ್ಟೇ! ಹನಿ ಒಡೆಯುತ್ತಾ ಒಡೆಯುತ್ತಾ ಹೋಗಿ ಒಂದೊಂದು ಮಣಿಗೆ ಒಂದೊಂದು ತೆಳು ನೀರಿನ ಹೊದಿಕೆ ಉಳಿದಾಗ ನಿಲ್ಲುತ್ತೆ. ಮಣಿ ಒಳಗಿರೋದರಿಂದ ಅದಕ್ಕಿಂತ ಸಣ್ಣದಾಗಿ ಒಡೆಯೋಕೆ ಆಗಲ್ಲ. ಹನಿಯ ಅಳತೆಯನ್ನ ಈಗ ನಿರ್ಧರಿಸೋದು ಕಾಲುವೆಯಲ್ಲ, ಪಂಪ್ ಅಲ್ಲ, ಕೈಚಳಕವಲ್ಲ. ಒಳಗೆ ಕೂತಿರೋ ಕಾಳು. ಇದೇ ಉಪಾಯದ ಮೇಲೆ 2023ರಲ್ಲಿ ಪಿಪ್‌ಸೀಕ್ ಅನ್ನೋ ವಿಧಾನ ಪ್ರಕಟವಾಯಿತು. ಅದನ್ನು ಮಾರುಕಟ್ಟೆಗೆ ತಂದ ಫ್ಲೂಯೆಂಟ್ ಬಯೋಸೈನ್ಸಸ್ ಕಂಪನಿಯನ್ನು ಕೊಂಡುಕೊಳ್ಳೋದಾಗಿ ಇಲ್ಯುಮಿನಾ 2024ರಲ್ಲಿ ಘೋಷಿಸಿತು. ಪ್ರಬಂಧದ ಶೀರ್ಷಿಕೆಯಲ್ಲಿ 'ಮೈಕ್ರೋಫ್ಲೂಯಿಡಿಕ್ಸ್ ಇಲ್ಲದೆ' ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ನನಗೆ ಅದು ಓದಿ ನಗು ಬಂತು. ಮೈಕ್ರೋಫ್ಲೂಯಿಡಿಕ್ಸ್ ಎಲ್ಲಿಗೂ ಹೋಗಿಲ್ಲ ಸ್ವಾಮಿ, ಮಣಿಯೊಳಗೆ ಕೂತಿದೆ. ಒಂದು ಸಲ ಕಂಪೈಲ್ ಮಾಡಿ ಎಲ್ಲಾ ಕಡೆ ಓಡಿಸೋದು ಅಂತೀವಲ್ಲ, ಅದು ಇದೇ.

ಮೂರನೆಯದು ಲಾಸ್ ಏಂಜಲೀಸಿನ ಡಿನೋ ಡಿ ಕಾರ್ಲೊ ಅವರ ತಂಡದ 'ನ್ಯಾನೋವಯಲ್'. 2022ರ ಅವರ ಪ್ರಬಂಧದಲ್ಲಿರೋದು ಬಟ್ಟಲಿನಾಕಾರದ ಜೆಲ್ ಕಣಗಳು, ಸುಮಾರು 35 ಮೈಕ್ರಾನ್. ಮಾಡುವ ರೀತಿ ಮಜವಾಗಿದೆ. ಪಿಇಜಿ ಮತ್ತು ಡೆಕ್ಸ್‌ಟ್ರಾನ್ ಅನ್ನೋ ಎರಡು ಪಾಲಿಮರ್‌ಗಳು ನೀರಿನಲ್ಲಿ ಕರಗಿದರೂ ಒಂದಕ್ಕೊಂದು ಸೇರೋದಿಲ್ಲ. ಎರಡನ್ನೂ ಒಂದೇ ಹನಿಯಲ್ಲಿ ಕಳಿಸಿ, ಪಿಇಜಿಯನ್ನು ಮಾತ್ರ ಗಟ್ಟಿ ಮಾಡಿ, ಡೆಕ್ಸ್‌ಟ್ರಾನ್ ತೊಳೆದುಬಿಟ್ಟರೆ ಅದು ಇದ್ದ ಜಾಗ ಕುಳಿಯಾಗಿ ಉಳಿಯುತ್ತೆ. ಆ ಕುಳಿಯಲ್ಲಿ ಒಂದು ಜೀವಕೋಶ ಕೂರುತ್ತೆ, ಅದು ಸ್ರವಿಸಿದ ಪ್ರೋಟೀನು ಬಟ್ಟಲಿಗೇ ಅಂಟಿಕೊಳ್ಳುತ್ತೆ. ಆಮೇಲೆ ಕೋಶ ವಿಂಗಡಿಸುವ ಸಾಮಾನ್ಯ ಯಂತ್ರಕ್ಕೇ ಹಾಕಬಹುದು. ಬಳಸುವವರಿಗೆ ಚಿಪ್ ಬೇಡ, ಎಣ್ಣೆಯೂ ಬೇಡ.

ಮೂರರಲ್ಲೂ ಸಾಮಾನ್ಯವಾದ ಅಂಶ ನೋಡಿದಿರಾ? ಕಷ್ಟದ ಕೆಲಸವೆಲ್ಲಾ ಒಂದೇ ಕಡೆ, ಒಂದೇ ಸಲ, ಪಳಗಿದವರ ಕೈಯಲ್ಲಿ ಮುಗಿದುಹೋಗಿದೆ. ಉಳಿದವರಿಗೆ ಸಿಕ್ಕಿದ್ದು ಫ್ರಿಜ್ಜಿನಲ್ಲಿ ಇಡಬಹುದಾದ ಒಂದು ಟ್ಯೂಬ್.

* * *

ಇದಕ್ಕೆ ಬರಬಹುದಾದ ಆಕ್ಷೇಪಣೆಗಳು ನನಗೂ ಗೊತ್ತಿವೆ.

"ಎಲ್ಲಾ ಕೆಲಸ ಹೀಗೆ ಆಗಲ್ಲ" ಅಂತೀರಿ. ನಿಜ. ಜೀವಂತ ಕೋಶಗಳನ್ನೇ ಜೆಲ್ಲಿನೊಳಗೆ ಇಟ್ಟು ರೋಗಿಗೆ ಕೊಡಬೇಕೆಂದರೆ ಕೋಶ ಇರುವಲ್ಲೇ ಕಾಳು ಮಾಡಬೇಕು, ಅಂಚೆಯಲ್ಲಿ ತರಿಸೋಕಾಗಲ್ಲ. ಅಲ್ಲಿ ಚಿಪ್ ಇರಲಿ. ಅಲ್ಲಾಡಿಸುವ ವಿಧಾನದಲ್ಲೂ ಮಣಿ ಇಲ್ಲದ ಪುಟಾಣಿ ಹನಿಗಳು ಒಂದಿಷ್ಟು ಉಳಿಯುತ್ತವೆ, ಅದರೊಳಗೆ ಹೋದದ್ದು ನಷ್ಟ. ಜೊತೆಗೆ ಅದಕ್ಕೂ ಫ್ಲೋರಿನ್ ಇರುವ ಎಣ್ಣೆ ಬೇಕು. ಹನಿ ಮಾಡುವವರೆಲ್ಲಾ ನೆಚ್ಚಿಕೊಂಡಿದ್ದ ನೋವೆಕ್ 7500 ಎಣ್ಣೆಯನ್ನು ಮಾಡುತ್ತಿದ್ದ 3ಎಂ ಕಂಪನಿ, ಪರಿಸರದಲ್ಲಿ ಕರಗದೆ ಉಳಿಯುವ ಆ ಜಾತಿಯ ರಾಸಾಯನಿಕಗಳ ತಯಾರಿಕೆಯನ್ನೇ 2025ರ ಕೊನೆಯೊಳಗೆ ಬಿಡೋದಾಗಿ 2022ರ ಡಿಸೆಂಬರಿನಲ್ಲಿ ಹೇಳಿತು. ಆದರೆ ಇದೂ ನನ್ನ ವಾದಕ್ಕೇ ಬಲ. ಮಣಿ ತಯಾರಿಸೋದಕ್ಕೆ ಬೇಕಾಗುವ ಎಣ್ಣೆಯನ್ನು ಒಂದೇ ಕಡೆ ಬಳಸಿದರೆ ವಾಪಸ್ ಹಿಡಿದು ಶುದ್ಧ ಮಾಡಬಹುದು. ನೂರು ಕಾಲೇಜುಗಳ ಸಿಂಕಿನಲ್ಲಿ ಹರಿದು ಹೋದದ್ದನ್ನು ಯಾರು ಹಿಡಿಯುತ್ತಾರೆ?

ನಿಜವಾಗಿ ತೂಕ ಇರುವ ಆಕ್ಷೇಪಣೆ ಬೇರೆ. "ಅಚ್ಚು ಒಬ್ಬನ ಕೈಯಲ್ಲಿ, ಕಾಳು ಮಾತ್ರ ನಮಗೆ ಅಂದರೆ ನಾವು ಎಂದೆಂದಿಗೂ ಗಿರಾಕಿಗಳೇ ಅಲ್ವಾ?" ಇದು ನಿಜವಾದ ಭಯ. ಹನಿ ಮಾಡುವ ಪೇಟೆಂಟ್‌ಗಳ ಮೇಲೆ ಬಯೋ-ರ‍್ಯಾಡ್ ಮತ್ತು ಟೆನ್‌ಎಕ್ಸ್ ನಡುವೆ ವರ್ಷಗಟ್ಟಲೆ ಮೊಕದ್ದಮೆ ನಡೆಯಿತು. 2018ರ ನವೆಂಬರಿನಲ್ಲಿ ಅಮೆರಿಕದ ಡೆಲವೇರಿನ ಜ್ಯೂರಿ ಸುಮಾರು 2.4 ಕೋಟಿ ಡಾಲರ್ ಪರಿಹಾರ ಕೊಡುವಂತೆ ಟೆನ್‌ಎಕ್ಸ್‌ಗೆ ಹೇಳಿತು. ಕೊನೆಗೆ 2021ರಲ್ಲಿ ಇಬ್ಬರೂ ರಾಜಿಯಾದರು. ಎರಡು ಆನೆಗಳು ಜಗಳವಾಡಿದರೂ ಪ್ರೀತಿಸಿದರೂ ಹುಲ್ಲಿಗೇ ಕಷ್ಟ, ಇಲ್ಲಿ ಹುಲ್ಲು ಅಂದರೆ ಸಣ್ಣ ಪ್ರಯೋಗಾಲಯಗಳು. ಮಣಿ ಕೊಡುವವನು ಬೆಲೆ ಏರಿಸಿದರೆ, ಅಥವಾ ಅಂಗಡಿ ಮುಚ್ಚಿದರೆ, ನಿಮ್ಮ ಪ್ರಯೋಗವೂ ಬಂದ್.

ಇದಕ್ಕೆ ಉತ್ತರ ಪ್ರತಿ ಮನೆಗೂ ಅಚ್ಚು ಕೊಡೋದಲ್ಲ. ಅಚ್ಚಿನ ನಕ್ಷೆ ಮತ್ತು ಹದ ಎಲ್ಲರಿಗೂ ತೆರೆದಿರೋದು. ನಾವು ಸಾಫ್ಟ್‌ವೇರಿನವರು ದಿನಾ ಬಳಸೋ ಪ್ರೋಗ್ರಾಮುಗಳನ್ನು ನಾವೇನೂ ಕೂತು ಕಂಪೈಲ್ ಮಾಡಲ್ಲ. ರೆಡಿ ಇರೋದನ್ನೇ ಇಳಿಸಿಕೊಳ್ತೀವಿ. ಆದರೆ ಅದರ ಮೂಲ ಕೋಡ್ ತೆರೆದಿದ್ದರೆ, ನಾಳೆ ಬೇಕಾದರೆ ಬೇರೆ ಯಾರಾದರೂ ಕಂಪೈಲ್ ಮಾಡಿಕೊಡ್ತಾರೆ ಅನ್ನೋ ಧೈರ್ಯ ಇರುತ್ತೆ. ಇನ್‌ಡ್ರಾಪ್‌ನವರು 2017ರಲ್ಲಿ ಮಣಿ ಮಾಡುವ ವಿಧಾನವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಪ್ರಕಟಿಸಿದರು. ಜೀವಶಾಸ್ತ್ರದಲ್ಲೇ ಇನ್ನೊಂದು ಮಾದರಿ ಇದೆ. 2004ರಲ್ಲಿ ಶುರುವಾದ ಆಡ್‌ಜೀನ್ ಅನ್ನೋ ಲಾಭರಹಿತ ಸಂಸ್ಥೆ ವಿಜ್ಞಾನಿಗಳು ಕಟ್ಟಿದ ಪ್ಲಾಸ್ಮಿಡ್‌ಗಳನ್ನು ಒಂದೆಡೆ ಇಟ್ಟು ಜಗತ್ತಿನ ಪ್ರಯೋಗಾಲಯಗಳಿಗೆಲ್ಲಾ ಕಳಿಸುತ್ತೆ. ನಮ್ಮ ರೈತರ ಬೀಜ ಬ್ಯಾಂಕ್ ಇದ್ದ ಹಾಗೆ. ಜೆಲ್ ಕಾಳಿಗೂ ಅಂಥದ್ದೊಂದು ಯಾಕಿರಬಾರದು?

ಬೆಂಗಳೂರಿಗೆ ಈ ಮಾತು ಸುಮ್ಮನೆ ಅಂಟಿಸ್ತಿಲ್ಲ. ಮೇಲೆ ಹೇಳಿದ ಧನಂಜಯ ದೆಂಡುಕುರಿ ಎಂಐಟಿಯಿಂದ ಬಂದು ಇಲ್ಲೇ ಅಚಿರಾ ಲ್ಯಾಬ್ಸ್ ಕಟ್ಟಿದವರಲ್ಲೊಬ್ಬರು. 2011ರಲ್ಲಿ ಆ ತಂಡ ರೇಷ್ಮೆ ದಾರಕ್ಕೆ ಪರೀಕ್ಷೆಯ ರಾಸಾಯನಿಕಗಳನ್ನು ಹಚ್ಚಿ, ನೇಯ್ದು, ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ರೋಗಪತ್ತೆಯ ಸಾಧನ ಮಾಡಬಹುದು ಅಂತ ತೋರಿಸಿತು. ನಾಜೂಕೆಲ್ಲಾ ಮಗ್ಗದಲ್ಲಿ, ಬಳಸುವವನ ಕೈಗೆ ಒಂದು ತುಂಡು ಬಟ್ಟೆ. ನನಗೆ ಇದೂ ಅದೇ ತತ್ವ ಅನ್ನಿಸುತ್ತೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಸಿಲಿಕಾನ್ ಕೊರೆಯುವ ಶುದ್ಧಕೋಣೆ ಇದೆ. ಸಾರ್ವಜನಿಕ ದುಡ್ಡಿನಲ್ಲಿ ಒಂದು ಕಾಳಿನ ಬ್ಯಾಂಕ್ ಮಾಡೋದಕ್ಕೆ ಇದಕ್ಕಿಂತ ಒಳ್ಳೆ ಊರು ಬೇಕಾ?

ನನ್ನ ಕನಸಿನ ಬ್ಯಾಂಕಿನಲ್ಲಿ ಪ್ರತಿ ಟ್ಯೂಬಿನ ಮೇಲೂ ಒಂದು ಆವೃತ್ತಿ ಸಂಖ್ಯೆ ಇರುತ್ತೆ. ಯಾವ ಪಾಲಿಮರ್, ಎಷ್ಟು ಮೈಕ್ರಾನ್, ಎಷ್ಟು ಶೇಕಡಾ ವ್ಯತ್ಯಾಸ, ಯಾವತ್ತು ಮಾಡಿದ್ದು. ಚಿಪ್‌ನ ನಕ್ಷೆ, ದ್ರಾವಣದ ಪ್ರಮಾಣ, ಹರಿವಿನ ವೇಗ ಎಲ್ಲರಿಗೂ ಸಿಗುವ ಹಾಗೆ ಇಟ್ಟಿರುತ್ತಾರೆ. ಕೆಟ್ಟ ಬ್ಯಾಚ್ ಬಂದರೆ ದೂರು ಬರೆಯೋಕೆ ಜಾಗ, ಅದನ್ನ ಸರಿಪಡಿಸಿದ ದಾಖಲೆ. ಇದರಲ್ಲಿ ರಸಾಯನಶಾಸ್ತ್ರ ಗೊತ್ತಿಲ್ಲದ ನಮ್ಮಂಥವರು ಮಾಡಬಹುದಾದ ಕೆಲಸವೂ ಬೇಕಾದಷ್ಟಿದೆ. ರಾಯಚೂರಿನ ಕಾಲೇಜಿನ ಹುಡುಗಿಯೊಬ್ಬಳು ಒಂದು ಟ್ಯೂಬ್ ತರಿಸಿಕೊಂಡು, ತನ್ನಲ್ಲಿರೋ ವೋರ್ಟೆಕ್ಸರ್ ಮೇಲೆ ಅಲ್ಲಾಡಿಸಿ, ತನ್ನ ಊರಿನ ತೊಗರಿ ಬೇರಿನ ಮಣ್ಣಿನ ಬ್ಯಾಕ್ಟೀರಿಯಾಗಳನ್ನು ಒಂದೊಂದು ಹನಿಯಲ್ಲಿ ಕೂಡಿಹಾಕಿ ನೋಡಲಿ. ಪಂಪ್ ಕಟ್ಟಿಕೊಂಡು, ಗಾಳಿಗುಳ್ಳೆ ಓಡಿಸುತ್ತಾ ಅವಳ ಎರಡು ವರ್ಷ ಯಾಕೆ ಹಾಳಾಗಬೇಕು? ಅವಳ ಪ್ರಶ್ನೆ ಮಣ್ಣಿನದು, ಕಾಲುವೆಯದ್ದಲ್ಲ.

ಚಿಪ್ ಕಟ್ಟುವ ಕಲೆಯೇ ಬೇಡ ಅಂತ ನಾನು ಹೇಳ್ತಿಲ್ಲ. ಅದನ್ನ ಕಲಿಯುವವರು ಬೇಕು, ಅವರಿಗೆ ಒಳ್ಳೆಯ ಜಾಗ, ಒಳ್ಳೆಯ ಸಂಬಳ ಬೇಕು. ಆದರೆ ಪ್ರಾಜೆಕ್ಟ್ ಕೊಡುವ ಮೇಷ್ಟ್ರುಗಳಿಗೆ, ದುಡ್ಡು ಮಂಜೂರು ಮಾಡುವವರಿಗೆ ನನ್ನದೊಂದೇ ಕೋರಿಕೆ. ನಾವೂ ಒಂದು ಚಿಪ್ ಮಾಡಿದೆವು ಅನ್ನೋದಕ್ಕೆ ಅಂಕ ಕೊಡೋದನ್ನ ಕಡಿಮೆ ಮಾಡಿ. ಆ ಚಿಪ್‌ನಿಂದ ಬಂದ ಕಾಳು ಎಷ್ಟು ಊರಿಗೆ ಹೋಯ್ತು, ಅಲ್ಲಿ ಯಾರಿಗೆ ಕೆಲಸಕ್ಕೆ ಬಂತು ಅಂತ ಕೇಳಿ.

ನೀವೇನಂತೀರಿ? ಜೀವಶಾಸ್ತ್ರ, ಕೆಮಿಕಲ್ ಓದಿದವರು ಯಾರಾದರೂ ಇದ್ದರೆ ನನ್ನ ಲೆಕ್ಕ, ವಾದ ಎರಡನ್ನೂ ಒರೆಗೆ ಹಚ್ಚಿ. ಜಗಳಕ್ಕೆ ನಾನು ತಯಾರು :-)